ಕಾಸರ್ ತೀರ್ಪು: 1654ರದೋ, 1655ರದೋ?

ಇಂದಿನ ಅಮೆರಿಕದಲ್ಲಿದ್ದ ಇಂಗ್ಲಿಷರ ವರ್ಜೀನಿಯಾ ವಸಾಹತಿನ ಆಳುಗಳ ಕುರಿತ ಲೇಖನ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ಜಾನ್ ಕಾಸರ್‌ನನ್ನು ಜೀವನಪೂರ್ತಿ ಆಳಾಗಿಸಿದ ತೀರ್ಪು 1654ರದೋ, 1655ರದೋ? ಅವನ ಒಡೆಯ ಆಂಟನಿ ಜಾನ್ಸನ್ ಸ್ವತಃ ಆಫ್ರಿಕಾ ಮೂಲದವನಾದ್ದರಿಂದ ಅಲ್ಲಿನ ಗುಲಾಮಗಿರಿ ಅವನಿಂದಲೇ ಶುರುವಾಯಿತೆನ್ನಬಹುದೆ?

ಮೊದಲು ದಿನಾಂಕ. ಇಂಗ್ಲಿಷರ ವಸಾಹತುಗಳಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ ಬರುತ್ತಿತ್ತು. ಕಾಸರ್ ತೀರ್ಪಿಗೆ ವರ್ಜೀನಿಯಾದ ನಾರ್ತಾಂಪ್ಟನ್ ಕೌಂಟಿ (ಜಿಲ್ಲೆ) ಕಡತದಲ್ಲಿರುವ ದಿನಾಂಕ ಮಾರ್ಚ್ 8, 1654; ನಮ್ಮ ಲೆಕ್ಕಕ್ಕೆ ಅದು 1655. ಜನವರಿ 1ರಿಂದ ಮಾರ್ಚ್ 24ರವರೆಗಿನ ನಮೂದುಗಳಿಗೆಲ್ಲ ಹೀಗೆ ಒಂದು ವರ್ಷ ಕೂಡಿಸಬೇಕು. ಗುಮಾಸ್ತ 1654/5 ಎಂದು ಜೋಡಿಯಾಗಿ ಬರೆದಿದ್ದರೆ ಎರಡನೆಯದನ್ನೇ ಹಿಡಿಯಿರಿ. ಇದನ್ನು ಮರೆತರೆ ಅಕ್ಟೋಬರ್‌ನಲ್ಲಿ ಕೊಟ್ಟ ದೂರಿಗೆ ಅದೇ ವರ್ಷದ ಜನವರಿಯಲ್ಲೇ ತೀರ್ಪಾದಂತೆ ಕಾಣುತ್ತದೆ.

ಎರಡನೆಯದಕ್ಕೆ ಉತ್ತರ: ಖಂಡಿತ ಇಲ್ಲ. 1640ರಲ್ಲೇ ಓಡಿಹೋಗಿ ಸಿಕ್ಕಿಬಿದ್ದ ಮೂವರು ಆಳುಗಳಲ್ಲಿ ಇಬ್ಬರು ಐರೋಪ್ಯರಿಗೆ ನಾಲ್ಕು ವರ್ಷ ಹೆಚ್ಚಿನ ದುಡಿಮೆ, ಆಫ್ರಿಕಾ ಮೂಲದ ಜಾನ್ ಪಂಚ್‌ಗೆ ಜೀವನಪೂರ್ತಿ ದುಡಿಮೆ ಎಂದು ವಸಾಹತಿನ ಮೇಲಿನ ನ್ಯಾಯಾಲಯ ವಿಧಿಸಿತ್ತು. ಜಾನ್ಸನ್ ಒಬ್ಬನ ಮೇಲೆ ಹೊಣೆ ಹೊರಿಸಿದರೆ ಆ ತೀರ್ಪು ಕೊಟ್ಟವರು ಮರೆಯಾಗಿಬಿಡುತ್ತಾರೆ.

ಕಾಸರ್ ಸೋತದ್ದೇಕೆ ನೋಡಿ. ಏಳೆಂಟು ವರ್ಷದ ಕರಾರಿನ ಮೇಲೆ ಬಂದೆನೆಂದ, ಕರಾರುಪತ್ರ ಕೈಯಲ್ಲಿರಲಿಲ್ಲ. ಒಂದು ವರ್ಷದೊಳಗೇ ವರ್ಜೀನಿಯಾದ ನಾರ್ತಂಬರ್ಲೆಂಡ್ ಕೌಂಟಿಯಲ್ಲಿ ಎಲಿಜಬೆತ್ ಕೀ ತಾನು ಸ್ವತಂತ್ರಳೆಂದು ದಾವೆ ಹೂಡಿದಾಗ ಅವಳ ಪರವಾಗಿ ಸಾಕ್ಷಿಗಳಿದ್ದರು. ಅವಳ ತಂದೆ ಇಂಗ್ಲಿಷಿನವನೆಂದೂ, ಆಫ್ರಿಕಾ ಮೂಲದ ಹೆಂಗಸಿನಲ್ಲಿ ಅವಳನ್ನು ಪಡೆದದ್ದಕ್ಕೆ ದಂಡ ತೆತ್ತವನೆಂದೂ ಸುಮಾರು 80 ವರ್ಷದ ಮುದುಕಿಯೊಬ್ಬಳು ಹೇಳಿದಳು. ಒಂಬತ್ತು ವರ್ಷಕ್ಕಷ್ಟೇ ಅವಳನ್ನು ಒಪ್ಪಿಸಿದ್ದೆಂಬ ಕರಾರೂ ಇತ್ತು. ಜ್ಯೂರಿ ಅವಳು ಸ್ವತಂತ್ರಳೆಂದಿತು. ಮೇಲ್ಮನವಿಗಳೆಲ್ಲ ಮುಗಿದು 1656ರಲ್ಲಿ ಬಿಡುಗಡೆಯಾಯಿತು. ಗುಲಾಮಗಿರಿಯ ಬಗ್ಗೆ ಸ್ಪಷ್ಟ ಶಾಸನವಿಲ್ಲದಿದ್ದ ಆ ದಿನಗಳಲ್ಲಿ ಕಾಗದ, ಸಾಕ್ಷಿ ಇದ್ದವರಿಗೆ ಒಂದಿಷ್ಟು ದಾರಿಯಿತ್ತು. ಪೀಠದಲ್ಲಿ ಕುಳಿತವರು ಆಳುಗಳನ್ನಿಟ್ಟುಕೊಂಡ ತೋಟದ ಒಡೆಯರೇ ಎಂಬುದನ್ನೂ ನೆನಪಿಡಿ.

ಆದ್ದರಿಂದ ಇಂಥ ಪ್ರಕರಣ ಹುಡುಕುವಾಗ ನ್ಯಾಯಾಲಯದ ಆದೇಶಗಳ ಪುಸ್ತಕವೊಂದನ್ನೇ ನಂಬಬೇಡಿ. ಅದರಲ್ಲಿ ಸಿಗುವುದು ಎರಡು ಸಾಲಿನ ತೀರ್ಪು. ಸಾಕ್ಷಿಗಳ ಹೇಳಿಕೆ, ಉಯಿಲು, ಸತ್ತವರ ಆಸ್ತಿಪಟ್ಟಿ ಹುಡುಕಿ. ಪಟ್ಟಿಯಲ್ಲಿ ಕರಾರಿನ ಆಳಿನ ಹೆಸರಿನ ಮುಂದೆ ಉಳಿದ ವರ್ಷಗಳಿರುತ್ತವೆ. ವರ್ಷ ಕಾಣಿಸದೆ ಬೆಲೆ ಮಾತ್ರ ಏರಿದ್ದರೆ ಅದು ಜೀವನಪೂರ್ತಿ ದುಡಿಮೆಯ ಬಲವಾದ ಸುಳಿವು, ಪುರಾವೆಯಲ್ಲ.

ಪ್ರಕರಣದ ವರ್ಷವನ್ನು ಶಾಸನದ ಪಕ್ಕದಲ್ಲಿಟ್ಟು ನೋಡುವುದೂ ಮುಖ್ಯ. 1662ರ ಶಾಸನ ಮಗುವಿಗೆ ತಾಯಿಯ ಸ್ಥಿತಿಯೇ ಎಂದಿತು. ತಂದೆಯ ಮೂಲಕ ಸ್ವತಂತ್ರಳೆಂದು ಎಲಿಜಬೆತ್ ಕೀ ಹಿಡಿದ ದಾರಿ ಮುಚ್ಚಿತು. ಕ್ರೈಸ್ತ ದೀಕ್ಷಾಸ್ನಾನದಿಂದ ಬಿಡುಗಡೆಯಿಲ್ಲವೆಂದು 1667ರ ಶಾಸನ ಸಾರಿತು. 1662ರಿಂದಾಚೆಗಿನ ದಾವೆಗಳಲ್ಲಿ ತಂದೆಯನ್ನು ಬಿಟ್ಟು ತಾಯಿಯ, ಅಜ್ಜಿಯ ಹೆಸರು ಹಿಡಿದು ಹಿಂದಕ್ಕೆ ಹೋಗಿ.