ಓದುಗರ ಪ್ರಶ್ನೆ: ಗುಡ್ಡದ ಏರು, ಸೈಕಲ್ಲು ಮತ್ತ ನಮ್ಮ ದಮ್ಮು

ಪ್ರಶ್ನೆ: ಸರ್, ನನಗ 46 ವರ್ಷ, ಬೆಳಗಾವಿ ಟಿಳಕವಾಡಿಯೊಳಗ ಇರ್ತೀನಿ, ದಿನಾ ಕುಂತು ಮಾಡೋ ಕೆಲಸ. ಕಾಲೇಜಿಗೆ ಸೈಕಲ್ ಮ್ಯಾಲೇ ಹೋಗ್ತಿದ್ದೆ, ಆಮ್ಯಾಲ ಬೈಕ್ ಬಂತು, ಕಾರ್ ಬಂತು, ಈಗ ತೂಕ 84 ಕೆಜಿ. ಮೊದಲಿನಂಗ ಆಗಬೇಕಂತ ಗೇರ್ ಸೈಕಲ್ ತಗೊಂಡು ಯಳ್ಳೂರ ಗಡಕ್ಕ ಹೋದ್ರ ಏರಿನಾಗ ಅರ್ಧಕ್ಕ ಎದಿ ಡವಡವ ಹೊಡಕೊಂಡು ಇಳದು ತಳ್ಳಿಕೋತ ಹೋಗಬೇಕಾತು, ಮರುದಿನ ಮೊಣಕಾಲ ಮುಂದ ನೋವು. ಈ ವಯಸ್ಸಿಗೆ ಗುಡ್ಡ ಬಿಟ್ಟು ಸಪಾಟ ರಸ್ತೇದಾಗ ಹೊಡದ್ರ ಸಾಕಾಗ್ತೈತೇನ್ರಿ?
– ಓದುಗರು, ಬೆಳಗಾವಿ

ಉತ್ತರ: ಗುಡ್ಡ ಬಿಡಬ್ಯಾಡ್ರಿ ಅಣ್ಣಾರ, ಹತ್ತೋ ರೀತಿ ಬದಲಿ ಮಾಡ್ರಿ. ಆದ್ರ ಅದಕ್ಕೂ ಮೊದಲು ಡಾಕ್ಟರ್ ಕಡೆ ಹೋಗಿ ಬಿಪಿ, ಶುಗರ್, ಇಸಿಜಿ ಮಾಡಿಸಿಕೊಂಡು ಬರ್ರಿ, 40 ದಾಟಿ ಬಹಳ ವರ್ಷದ ಮ್ಯಾಲೆ ಮತ್ತ ಶುರು ಮಾಡೋರಿಗೆ ಇದು ಬೇಕೇ ಬೇಕು. ಏರಿನಾಗ ಎದಿ ಜೋರಾಗಿ ಬಡಿಯೋದು ಸಹಜ, ಆದ್ರ ಎದಿ ಬಿಗಿ ಹಿಡದಂಗ, ಕೈಗೆ ಇಲ್ಲಾ ದವಡೆಗೆ ನೋವು ಹರದಂಗ, ಕಣ್ಣಿಗೆ ಕತ್ತಲಿ ಬಂದಂಗ ಆದ್ರ ಅಲ್ಲೇ ನಿಂತು ದವಾಖಾನಿಗೆ ಹೋಗಬೇಕು, ಮುಂದಿನ ತಿರುವು ದಾಟಿ ನೋಡೋಣಂತ ಹಟ ಮಾಡಬ್ಯಾಡ್ರಿ.

ಈಗ ನಿಮಗ ಅರ್ಧಕ್ಕ ದಮ್ಮು ಯಾಕ ಹತ್ತಿತು ಅನ್ನೋದು. ಸಪಾಟ ರಸ್ತೇದಾಗ ಕಾಲು ಬಿಟ್ರೂ ಸೈಕಲ್ ಉರುಳ್ತೈತಿ, ಗುಡ್ಡದಾಗ ಆ ಸವಲತ್ತು ಇಲ್ಲ, ನಿಮ್ಮ ತೂಕ, ಸೈಕಲ್ ತೂಕ, ನೀರಿನ ಬಾಟಲಿ ಎಲ್ಲಾ ಸೇರಿ ಸುಮಾರು 100 ಕೆಜಿ ಪ್ರತಿ ಪೆಡಲಿಗೂ ಮ್ಯಾಲೆ ಎತ್ತಬೇಕು. 100 ಮೀಟರ್ ರಸ್ತೆಗೆ 8 ಮೀಟರ್ ಏರು ಇದ್ದಲ್ಲಿ ತಾಸಿಗೆ ಬರೀ 8 ಕಿಲೋಮೀಟರ್ ವೇಗದಾಗ ಹೋದ್ರೂ, ಸಪಾಟ ರಸ್ತೇದಾಗ 15ರ ವೇಗಕ್ಕ ಬೇಕಾಗೋದಕ್ಕಿಂತ ಮೂರು ನಾಲ್ಕು ಪಟ್ಟು ಜೋರು ಹಾಕಬೇಕಾಗ್ತೈತಿ. ನಮ್ಮ ಮಂದಿ ಏನು ಮಾಡ್ತಾರಂದ್ರ, ಬುಡದಾಗ ಕಾಲು ತಾಜಾ ಇರ್ತಾವು, ಹುರುಪಿನ್ಯಾಗ ಮೊದಲ ಎರಡು ನಿಮಿಷ ಜೋರಾಗಿ ಹೊಡದು ಬಿಡ್ತಾರ, ಆಮ್ಯಾಲ ಉಸಿರಿನ ಸಾಲ ಏರು ಮುಗಿಯೋತನ ತೀರೋದಿಲ್ಲ. ನೀವು ಬರದಿದ್ದು ಓದಿದ್ರ ನನಗ ನಿಮ್ಮದೂ ಹಂಗೇ ಆಗೈತಿ ಅನಸ್ತೈತಿ. ಗುಡ್ಡದ ಬುಡದಾಗ ಇಷ್ಟು ಸಾವಕಾಶ ಹೊಂಟ್ರ ನೋಡಿದವರು ಏನಂದಾರು ಅನ್ನಸೋವಷ್ಟು ಸಾವಕಾಶ ಹೊಂಡ್ರಿ, ನಿಮ್ಮನ್ನ ದಾಟಿ ಹೋಗೋರು ಹೋಗ್ಲಿ.

ಎಷ್ಟು ಸಾವಕಾಶ ಅಂತ ಗೊತ್ತಾಗಾಕ ಮಶೀನ್ ಬೇಕಾಗಿಲ್ಲ. ತುಳಕೋತನ ನಾಲ್ಕೈದು ಶಬ್ದದ ಒಂದು ಮಾತು ಪೂರ್ತಿ ಆಡಾಕ ಬಂದ್ರ ಸರಿ ಐತಿ, ಒಂದೊಂದೇ ಶಬ್ದ ತುಂಡು ತುಂಡಾಗಿ ಬಂದ್ರ ಜಾಸ್ತಿ ಆತು, ಗೇರ್ ಇಳಸ್ರಿ. ಇನ್ನೊಂದು, ಬಲಗಾಲು ಕೆಳಗ ಬಂದಾಗೊಮ್ಮೆ ಎಣಸ್ರಿ, ಅರ್ಧ ನಿಮಿಷಕ್ಕ 30ರಿಂದ 35 ಆದ್ರ ಚಲೋ. 25ಕ್ಕಿಂತ ಕಡಿಮಿ ಬಂತಂದ್ರ ಗೇರ್ ಭಾರ ಐತಿ, ದಮ್ಮಿಗಿಂತ ಮೊದಲು ಮೊಣಕಾಲು ಸೋಲ್ತಾವು. ರೊಟ್ಟಿ ಬಡಿಯೋ ಕೈಯಂಗ ಒಂದೇ ಲಯ ಇರಬೇಕು, ಒಮ್ಮೆ ಜೋರು ಒಮ್ಮೆ ಮೆತ್ತಗ ಅಲ್ಲ.

ಗೇರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಹೊಸಬರು ಸೋಲೋದು ಇಲ್ಲೇ. ಮುಂದಿಂದು ಎಲ್ಲಕ್ಕಿಂತ ಸಣ್ಣ ಚಕ್ರ, ಹಿಂದಿಂದು ಎಲ್ಲಕ್ಕಿಂತ ದೊಡ್ಡ ಚಕ್ರ, ಇದು ಹಗುರ ಗೇರ್. ಮುಂದ 22 ಹಲ್ಲು ಹಿಂದ 34 ಹಲ್ಲು ಇದ್ದ ಸೈಕಲ್ಲಿನಾಗ ಪೆಡಲ್ ಒಂದು ಪೂರ್ತಿ ಸುತ್ತಿದ್ರ ಹಿಂದಿನ ಗಾಲಿ ಮುಕ್ಕಾಲು ಸುತ್ತೂ ತಿರುಗೋದಿಲ್ಲ, ಅದಕ್ಕೇ ಕಾಲಿಗೆ ಹಗುರ. ಮುಂದಿನ ಚಕ್ರ ಬದಲಿ ಮಾಡೋದು ಏರು ಶುರು ಆಗೋಕಿಂತ ಮೊದಲೇ ಆಗಬೇಕು, ಏರಿನ ನಡುವ ಪೂರ್ತಿ ಭಾರ ಹಾಕಿ ತುಳಿಯೋವಾಗ ಲಿವರ್ ಒತ್ತಿದ್ರ ಚೈನ್ ಕರಕರ ಅಂತೈತಿ, ಕಳಚಿ ಬೀಳ್ತೈತಿ, ನೀವೂ ಬೀಳ್ತೀರಿ. ಹಿಂದಿಂದು ಬದಲಿ ಮಾಡೋವಾಗ ಸೈತ ಅರ್ಧ ಸುತ್ತು ಕಾಲು ಸಡಿಲ ಬಿಡ್ರಿ.

ಮೊಣಕಾಲ ಮುಂದಿನ ನೋವಿಗೆ ಭಾರ ಗೇರ್ ಒಂದು ಕಾರಣ, ಸೀಟು ಕೆಳಗಿರೋದು ಇನ್ನೊಂದು. ಎರಡೂ ಪಾದ ನೆಲಕ್ಕ ಹತ್ತಲಿ ಅಂತ ಬಹಳ ಮಂದಿ ಸೀಟು ತಗ್ಗಿಸಿ ಇಟ್ಟಿರ್ತಾರ, ಹಂಗಿದ್ರ ಏರಿನಾಗ ಕಾಲು ಮಡಚೇ ಇರ್ತೈತಿ, ಜೋರೆಲ್ಲಾ ಚಿಪ್ಪಿನ ಮ್ಯಾಲೆ ಬೀಳ್ತೈತಿ. ಗೋಡಿ ಹಿಡಕೊಂಡು ಸೀಟಿನ ಮ್ಯಾಲೆ ಕುಂದರ್ರಿ, ಹಿಮ್ಮಡಿ ಪೆಡಲ್ ಮ್ಯಾಲೆ ಇಟ್ಟು ಪೆಡಲ್ ಪೂರ್ತಿ ಕೆಳಗ ಒಯ್ಯಿರಿ, ಕಾಲು ನೆಟ್ಟಗ ಆಗಬೇಕು. ಆಮ್ಯಾಲ ಬೆರಳಿನ ಹಿಂದಿನ ದಪ್ಪ ಭಾಗ ಪೆಡಲ್ ಮ್ಯಾಲೆ ಇಟ್ರ ಮೊಣಕಾಲು ಸ್ವಲ್ಪೇ ಬಾಗಿರ್ತೈತಿ, ಅದೇ ಸರಿ ಎತ್ತರ. ಅದಕ್ಕಿಂತ ಎತ್ತರ ಮಾಡಿದ್ರ ನೋವು ಮೊಣಕಾಲ ಹಿಂದ ಶುರು ಆಗ್ತೈತಿ. ಇಷ್ಟು ಮಾಡಿದ ಮ್ಯಾಲೂ ಎರಡು ವಾರ ನೋವು ಹೋಗ್ಲಿಲ್ಲಂದ್ರ ಮೂಳಿ ಡಾಕ್ಟರಿಗೆ ತೋರಸ್ರಿ.

ಇನ್ನ ಇಳದು ತಳ್ಳಿದ್ದಕ್ಕ ಬ್ಯಾಸರ ಮಾಡಿಕೋಬ್ಯಾಡ್ರಿ. ನೂರು ಹೆಜ್ಜಿ ನಡದು, ಉಸಿರು ಹಿಡತಕ್ಕ ಬಂದ ಮ್ಯಾಲೆ ಮತ್ತ ಹತ್ರಿ, ಅದೂ ವ್ಯಾಯಾಮನ. ಆದ್ರ ಸದ್ಯಕ್ಕ ಗಡ ಒಂದೆರಡು ತಿಂಗಳು ಬಿಡ್ರಿ. ಮನಿ ಸಮೀಪ ಮೂರು ನಾಲ್ಕು ನಿಮಿಷದಾಗ ಹತ್ತಾಕ ಬರೋ ಸಣ್ಣ ಏರು ಹುಡುಕ್ರಿ, ಅದನ್ನ ಮೂರು ಸಲ ಹತ್ತಿ ಇಳದು ಮನಿಗೆ ಬರ್ರಿ, ವಾರಕ್ಕ ಎರಡು ದಿನ, ನಡುವ ಎರಡು ದಿನ ಬಿಟ್ಟು. ಬೇಕಂದ್ರ ಒಂದು ದಿನ ಸಪಾಟ ರಸ್ತೇದಾಗ ಆರಾಮ ಸುತ್ತಾಡ್ರಿ. ಆರೆಂಟು ವಾರಕ್ಕ ಅದೇ ಏರು, ಅದೇ ಗೇರು, ಉಸಿರು ಮಾತ್ರ ಬ್ಯಾರೆ ಇರ್ತೈತಿ.

ಗೆಳ್ಯಾರು ಚೋರ್ಲಾ ಘಾಟಿಗೋ ಆಂಬೋಲಿಗೋ ಹೋಗೋಣ ಬಾ ಅಂತ ಕರದ್ರ ಒಂದು ಮಾತು ನೆನಪಿರಲಿ. ನಮ್ಮ ಕಡಿಂದ ಹೋದ್ರ ಘಾಟಿನ ದೊಡ್ಡ ಇಳಕಲು ಮೊದಲು ಬರ್ತೈತಿ, ಖುಷಿಯಿಂದ ಇಳದು ಬಿಡ್ತೀರಿ, ಆ ಏರು ಹೊಳ್ಳಿ ಬರೋವಾಗ ಬಿಸಲಾಗ, ಕಾಲು ಸೋತ ಮ್ಯಾಲೆ ಬರ್ತೈತಿ. ಚೋರ್ಲಾ ದಾರ್ಯಾಗ ಇಳಕಲಿಗಿಂತ ಮೊದಲು ಸಿಗೋ ಜಾಂಬೋಟಿತನ ಹೋಗಿ ಹೊಳ್ಳಿ ಬರ್ರಿ ಸಾಕು. ವಂಟಮುರಿ ಘಾಟ ಅಂತೂ ಬ್ಯಾಡೇ ಬ್ಯಾಡ, ಹೈವೇ ಲಾರಿಗಳ ನಡುವ ತೇಕಿಕೋತ ತೂರಾಡೋದು ಜೀವಕ್ಕ ಅಪಾಯ.

ಇಳಿಯೋವಾಗ ಎರಡೂ ಬ್ರೇಕ್ ಹಿಡೀರಿ, ತಿರುವಿನ ಮೊದಲೇ ವೇಗ ಕಡಿಮಿ ಮಾಡ್ರಿ, ತಿರುವಿನ ಒಳಗ ಹೋಗಿ ಅಲ್ಲ. ಮಳಿಗಾಲದಾಗ ಕೆಂಪ ರಾಡಿ ಹರದಿರ್ತೈತಿ, ರಿಮ್ ಹಿಡಿಯೋ ಬ್ರೇಕು ತೊಯ್ದಾಗ ತಡಾ ಮಾಡಿ ಹಿಡೀತಾವು. ಹೆಲ್ಮೆಟ್ ಇಲ್ಲದ ಹೊಂಡಬ್ಯಾಡ್ರಿ.

ತೂಕದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ನಿಮ್ಮ ತೂಕದವರು 100 ಮೀಟರ್ ಎತ್ತರ ಏರಿದ್ರ ಖರ್ಚಾಗೋದು ಸುಮಾರು 100 ಕ್ಯಾಲರಿ ಅಷ್ಟ. ಅಂದ್ರ ಗಡ ಹತ್ತಿ ಬಂದು ಒಂದು ವಾಟಿ ಕುಂದಾ ತಿಂದ್ರ ಲೆಕ್ಕ ಉಲ್ಟಾ ಆಗ್ತೈತಿ. ದಮ್ಮು, ಕಾಲಿನ ಶಕ್ತಿ ಗುಡ್ಡ ಕೊಡ್ತೈತಿ, ಹೊಟ್ಟಿ ಇಳಿಯೋದು ತಾಟಿನಾಗ ಏನೈತಿ ಅನ್ನೋದರ ಮ್ಯಾಲೂ ಐತಿ.

ಪ್ರಶ್ನೆ: ನನಗ 33, ಎರಡನೇ ಕೂಸು ಆಪರೇಶನ್ ಆಗಿ ಹುಟ್ಟಿ 9 ತಿಂಗಳಾತು, ಹೊಟ್ಟಿ ಇನ್ನೂ ಸಡಿಲ ಐತಿ. ಸೈಕಲ್ ಹೊಡದು ಏರು ಹತ್ತಬಹುದೇನ್ರಿ ಸರ್? ಮನ್ಯಾಗ ಅತ್ತಿ ಬ್ಯಾಡ ಅಂತಾರ.
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಹೊಡೀಬಹುದು ತಂಗಿ, ಆದ್ರ ನಿಮ್ಮ ಡಾಕ್ಟರಮ್ಮನ್ನ ಕೇಳಿ ಶುರು ಮಾಡವಾ, ಅತ್ತಿಯವರನ್ನೂ ಜೋಡಿ ಕರಕೊಂಡು ಹೋದ್ರ ಅವರ ಅಂಜಿಕಿನೂ ಹೋಗ್ತೈತಿ. ಮಲಗಿದಲ್ಲಿಂದ ಏಳೋವಾಗ ಹೊಟ್ಟಿ ನಡುವ ಉದ್ದಕ ಉಬ್ಬಿ ಬರ್ತೈತೇನು, ಕೆಮ್ಮಿದಾಗ ಮೂತ್ರ ಸೋರ್ತೈತೇನು ನೋಡಿಕೊಂಡು ಅದನ್ನ ಡಾಕ್ಟರ್ ಮುಂದ ನಾಚಿಕಿ ಬಿಟ್ಟು ಹೇಳ್ರಿ, ಅದಕ್ಕ ಬ್ಯಾರೆ ವ್ಯಾಯಾಮ ಐತಿ, ಅದು ಮೊದಲು. ಒಂದೆರಡು ತಿಂಗಳು ನವನಗರದ ಅಗಲ ರಸ್ತೇದಾಗ ಸಪಾಟ ಹೊಡೀರಿ, ಆಮ್ಯಾಲ ಸಣ್ಣ ಏರು, ಅದೂ ಕುಂತೇ ತುಳಿಯೋದು. ಎದ್ದು ನಿಂತು ಹ್ಯಾಂಡಲ್ ಜಗ್ಗಿ ತುಳಿದ್ರ ಹೊಟ್ಟಿ ಮ್ಯಾಲೆ ಒತ್ತಡ ಬೀಳ್ತೈತಿ, ಅದನ್ನ ಕಡೀಕ ಇಡ್ರಿ. ಹಾಲು ಕುಡಿಸ್ತಿದ್ರ ನೀರು ಜಾಸ್ತಿ ಕುಡೀರಿ, ಊಟ ಬಿಟ್ಟು ಸೈಕಲ್ ಹೊಡಿಯೋದು ಬ್ಯಾಡ. ದುಪಟ್ಟಾ ಮನ್ಯಾಗ ಬಿಟ್ಟು ಹೊಂಡ್ರಿ, ಪ್ಯಾಂಟಿನ ತುದಿಗೆ ರಬ್ಬರ್ ಹಾಕ್ರಿ, ಗಾಲಿಗೆ ಸಿಕ್ಕು ಬೀಳೋದು ಅದರಿಂದನ. ಮುಂದ ಶಕ್ತಿ ಬಂದ ಮ್ಯಾಲೆ ಬಾದಾಮಿಯಿಂದ ಮಹಾಕೂಟದ ಕಡಿ ಹೋಗೋ ರಸ್ತೆ ಹತ್ತಿ ನೋಡ್ರಿ, ಆದ್ರ ಬ್ಯಾಸಗಿಯೊಳಗ ಆ ಕಲ್ಲು ಗುಡ್ಡ ಮುಂಜಾನಿ ಎಂಟಕ್ಕೇ ಕಾಯಾಕ ಹತ್ತತಾವು, ಸೂರ್ಯ ಹುಟ್ಟೋದರಾಗ ಹೊಂಡಬೇಕು.

ಪ್ರಶ್ನೆ: ಸರ್, ನಮ್ಮ ವಿಜಯಪುರದಾಗ ಗುಡ್ಡನ ಇಲ್ಲ, ಏರಿನ ಪ್ರಾಕ್ಟೀಸ್ ಎಲ್ಲಿ ಮಾಡ್ಲಿ?
– ಕಾಲೇಜ್ ವಿದ್ಯಾರ್ಥಿ

ಉತ್ತರ: ಗಾಳಿ ಐತೆಲ್ಲೋ ತಮ್ಮಾ! ನಿಮ್ಮ ವಿಜಯಪುರ, ಬಾಗಲಕೋಟೆ ಕಡಿ ಕ್ರೀಡಾ ಹಾಸ್ಟೆಲಿನ ಹುಡುಗೂರು ಇದೇ ಬಯಲ ರಸ್ತೇದಾಗ ತುಳದು ರಾಷ್ಟ್ರ ಮಟ್ಟದಾಗ ಪದಕ ತಂದಾರ. ವೇಗ ಎರಡು ಪಟ್ಟು ಆದ್ರ ಗಾಳಿಯ ತಡೆ ನಾಲ್ಕು ಪಟ್ಟು ಆಗ್ತೈತಿ, ಎದುರು ಗಾಳಿ ಬಂದ್ರೂ ಅದೇ ಲೆಕ್ಕ, ಕಾಲಿಗೆ ಅದೂ ಏರೇ. ಜೂನ್ ಜುಲೈನಾಗ ಗಾಳಿ ಪಡುವಣದಿಂದ ಬರ್ತೈತಿ, ಅದಕ್ಕ ತಿಕೋಟಾ ಕಡಿ ಮುಖ ಮಾಡಿ ಹೊಂಡು, ಐದು ನಿಮಿಷ ಜೋರು ಐದು ನಿಮಿಷ ಸಾವಕಾಶ, ಹಂಗ ನಾಲ್ಕು ಸಲ. ಹೊಳ್ಳಿ ಬರೋವಾಗ ಗಾಳಿ ಬೆನ್ನಿಗೆ ಇರ್ತೈತಿ, ಆಗ ಹಗುರ ಗೇರಿನಾಗ ಕಾಲು ಜಲ್ದಿ ಜಲ್ದಿ ತಿರುಗಿಸೋದು ಕಲಿ. ಮೊದಲು ಗಾಳಿ ಜೋಡಿ ಹೋಗಿ ಆಮ್ಯಾಲ ಸೋತ ಕಾಲಿನ್ಯಾಗ ಎದುರು ಗಾಳಿಗೆ ಬರೋ ಹಂಗ ಮಾತ್ರ ದಾರಿ ಹಾಕ್ಕೋಬ್ಯಾಡ.