ಆರಾಮ ಅನ್ನಬೇಡ

ಒಬ್ಬನೇ ಬಾಡಿಗೆಗಿದ್ದರೆ, 35 ವರ್ಷ ತುಂಬುವ ತನಕ ಇಲ್ಲಿ ಬ್ರಿಟನ್ನಿನ ಸರ್ಕಾರ ಬಾಡಿಗೆ ಸಹಾಯ ಅಂತ ಒಂದು ರೂಮಿಗಾಗುವಷ್ಟೇ ದುಡ್ಡು ಕೊಡುತ್ತದಂತೆ, ಎಡಗೈ ಎಡಗಾಲು ಸ್ವಾಧೀನವಿಲ್ಲದ ನನಗೂ ಅದೇನಾ ಅಂತ ಕೇಳಿದ್ದೀಯ. ಅಪ್ಪನ ಕಡೆಯಿಂದ ಬ್ರಿಟಿಷ್ ಪಾಸ್‌ಪೋರ್ಟ್ ಇದೆಯಲ್ಲ, ಪುಣ್ಯ. ವೀಸಾದಲ್ಲಿ ಬಂದ ಹೆಚ್ಚಿನವರು ಇದನ್ನು ಕೇಳುವ ಹಾಗೂ ಇಲ್ಲ.

ಖಾಸಗಿ ಮನೆಗೆ ಆ ಮಾತು ನಿಜ. 2012ಕ್ಕೆ ಮುಂಚೆ ಆ ವಯಸ್ಸು 25 ಇತ್ತು. ಆದರೆ ಅಂಗವೈಕಲ್ಯ ಇದ್ದವರಿಗೆ ಸರ್ಕಾರ ಕೊಡುವ ಪಿಪ್ ಭತ್ಯೆಯಲ್ಲಿ ‘ಡೈಲಿ ಲಿವಿಂಗ್’ (ಅಡುಗೆ, ಸ್ನಾನದಂಥ ದಿನದ ಕೆಲಸ) ಭಾಗ ಸಿಕ್ಕವರಿಗೆ ಒಂದು ಬೆಡ್‌ರೂಮಿನ ಮನೆಯ ದರ. ‘ಮೊಬಿಲಿಟಿ’ (ಓಡಾಟ) ಭಾಗ ಒಂದೇ ಸಿಕ್ಕರೆ ಸಾಲದು. ಪಿಪ್‌ಗೆ ಸಾಮಾನ್ಯವಾಗಿ ಕಳೆದ 3 ವರ್ಷದಲ್ಲಿ 2 ವರ್ಷ ಇಲ್ಲಿದ್ದಿರಬೇಕು. ನೀನು ಬಂದು ನಾಲ್ಕೇ ತಿಂಗಳು. ಸದ್ಯಕ್ಕೆ ಚಿಕ್ಕಪ್ಪನ ಮನೆ ಬಿಡಬೇಡ. ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ, ಬಾಡಿಗೆಗೆ ಕೊಡುವ ಮನೆಗೂ ಹೆಸರು ಬರೆಸು, ಅಲ್ಲಿ ಈ ರೂಮಿನ ಲೆಕ್ಕ ಇಲ್ಲ.

ಇನ್ನು ನನ್ನ ಕಥೆ. ದಾವಣಗೆರೆಯಿಂದ ಲೆಸ್ಟರ್‌ಗೆ ಬಂದಾಗ ನನಗೆ 15, ಪೋಲಿಯೊ ಕಾಲು. 2015ರಲ್ಲಿ ಕೆಲಸ ಹೋಯಿತು, ಪಿಪ್ ಕೇಳಿದೆ. ವಿಚಾರಿಸಲು ಬಂದಾಕೆ ತುಂಬಾ ನಯವಾಗಿ ಮಾತಾಡಿದಳು. ಅಡುಗೆ ಮಾಡ್ತೀರಾ? ಮಾಡ್ತೀನಿ. ಸ್ನಾನ? ತೊಂದರೆ ಇಲ್ಲ. ಒಂದು ಸಲ ಸಾರು ಮಾಡಿದರೆ ಎರಡು ದಿನ ಬ್ರೆಡ್ ತಿನ್ನುತ್ತಿದ್ದೆ, ಬಿಸಿ ಪಾತ್ರೆ ಎರಡು ಸಲ ಕಾಲ ಮೇಲೆ ಬಿದ್ದಿತ್ತು, ತಲೆಸ್ನಾನಕ್ಕೆ ಭಾನುವಾರ ಅಮ್ಮ ಬರಬೇಕಿತ್ತು. ಅದ್ಯಾವುದನ್ನೂ ಹೇಳಲಿಲ್ಲ. ಗೊತ್ತಲ್ಲ, ನಮ್ಮ ಕಡೆ ಹೊರಗಿನವರು ಕೇಳಿದರೆ ‘ಆರಾಮ’ ಅಂದೇ ಬರುವುದು. ಚಹಾನೂ ಮಾಡಿಕೊಟ್ಟೆ, ನಿಂತುಕೊಂಡೇ!

‘ಡೈಲಿ ಲಿವಿಂಗ್’ ಭಾಗಕ್ಕೆ 8 ಪಾಯಿಂಟ್ ಬೇಕಿತ್ತು, 4 ಬಂತು. ಐದು ಜನರ ಮನೆಯಲ್ಲೊಂದು ರೂಮು ಹಿಡಿದೆ. ಅಡುಗೆಮನೆ ಕೆಳಗೆ, ಬಚ್ಚಲು ಮೇಲೆ. ಮರುಪರಿಶೀಲನೆ ಕೇಳಲು ಒಂದು ತಿಂಗಳಿತ್ತು. ಮತ್ತೆ ಮತ್ತೆ ಕೈಚಾಚೋದೇನು ಅಂತ ಸುಮ್ನಿದ್ದೆ. ಆಮೇಲೂ ಹೊಸದಾಗಿ ಅರ್ಜಿ ಹಾಕಬಹುದಿತ್ತು, ಹಾಕಲಿಲ್ಲ. 35 ತುಂಬುವ ತನಕ ಅಲ್ಲೇ ಇದ್ದೆ. ಅಮ್ಮನಿಗೆ ಮಂಡಿನೋವು, ಆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಬುತ್ತಿ ತಂದು ಬಾಗಿಲಲ್ಲೇ ಕೊಟ್ಟು ಹೋಗುತ್ತಿದ್ದಳು. ನನ್ನ ರೂಮನ್ನು ಅವಳು ನೋಡಿದ್ದೇ ಒಂದು ಸಲ.

ಪಿಪ್‌ನವರ ನಿಯಮದಲ್ಲಿ ಒಂದು ಕೆಲಸ ‘ಮಾಡ್ತೀನಿ’ ಅಂದರೆ ಅಪಾಯವಿಲ್ಲದೆ, ಸರಿಯಾಗಿ, ಬೇಕಾದಷ್ಟು ಸಲ, ಜಾಸ್ತಿ ಹೊತ್ತು ಹಿಡಿಯದೆ ಮಾಡುವುದು. ಅರ್ಧಕ್ಕಿಂತ ಜಾಸ್ತಿ ದಿನ ಹೇಗಿರುತ್ತದೋ ಅದನ್ನೇ ಹೇಳು. ಸುಳ್ಳು ಬೇಡ, ಮರ್ಯಾದೆಯ ಸುಳ್ಳೂ ಬೇಡ. ಫಾರ್ಮ್ ಬಂದ ದಿನ ಫೋನ್ ಮಾಡು, ಬಿಟ್ಟಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗೆ ಜೊತೆಗೇ ಹೋಗೋಣ.