ಫಾಕ್ಸ್‌ಪ್ರೊ ಲೆಕ್ಕವನ್ನು ಪೋಸ್ಟ್‌ಗ್ರೆಸ್‌ಗೆ ತರುವಾಗ ಖಾತೆವಾರು ತಾಳೆ ನೋಡಿ
ಅಪ್ಪನ ಕಾಲದಿಂದ ಅಂಗಡಿ ಲೆಕ್ಕ ಫಾಕ್ಸ್‌ಪ್ರೊ ಅನ್ನುವ ಹಳೆಯ ಡೇಟಾಬೇಸ್ ತಂತ್ರಾಂಶದಲ್ಲಿದೆ, ಹೆಸರುಗಳೆಲ್ಲ ನುಡಿ ಫಾಂಟ್‌ನಲ್ಲಿವೆ, ಪೋಸ್ಟ್‌ಗ್ರೆಸ್ ಅನ್ನುವ ಈಗಿನ ಡೇಟಾಬೇಸಿಗೆ ಹಾಕುವಾಗ ಏನೂ ಕಳೆದುಹೋಗಬಾರದು, ಹೇಗೆ ಅಂತ ಕೇಳಿದ್ದೀರಿ. ಮಲೆನಾಡಿನ ಒಂದು ಅಡಿಕೆ ಮಂಡಿಗೆ ನಾನು ಇದೇ ಕೆಲಸ ಮಾಡಿಕೊಟ್ಟಿದ್ದೇನೆ. ನೀವು ಬದಲಾಯಿಸಲು ಹೊರಟಿರುವುದು ಸರಿಯೇ. ಮೈಕ್ರೋಸಾಫ್ಟ್ 2015ರ ಜನವರಿಯಲ್ಲೇ ವಿಷುಯಲ್ ಫಾಕ್ಸ್‌ಪ್ರೊಗೆ ಬೆಂಬಲ ನಿಲ್ಲಿಸಿದೆ.

ಮೊದಲು ಹಳೆಯ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ, ಆ ಕಾಪಿಯ ಮೇಲೇ ಕೆಲಸ ಮಾಡಿ. ಲೆಕ್ಕದ ಸಾಲುಗಳಿರುವ ಡಿಬಿಎಫ್ ಫೈಲ್ ಮಾತ್ರ ತಂದರೆ ಸಾಲದು. ಉದ್ದದ ಟಿಪ್ಪಣಿಗೆ ಇರುವ ಮೆಮೊ ಕಾಲಂನಲ್ಲಿ ಬರೆದದ್ದು ಅದೇ ಹೆಸರಿನ ಎಫ್‌ಪಿಟಿ ಫೈಲಿನಲ್ಲಿರುತ್ತದೆ. ಅದನ್ನು ಬಿಟ್ಟರೆ ಷರಾ ಬರೆದದ್ದೆಲ್ಲ ಹೋಯಿತು.

ನಮ್ಮನ್ನು ಜಾಸ್ತಿ ಕಾಡಿದ್ದು ಅಳಿಸಿದ ಸಾಲುಗಳು. ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಕೊಟ್ಟರೆ ಸಾಲು ಹೋಗುವುದಿಲ್ಲ, ಅದರ ಮೇಲೊಂದು ಗುರುತು ಬೀಳುತ್ತದೆ ಅಷ್ಟೇ. ಗುರುತು ಬಿದ್ದವನ್ನು ನಿಜವಾಗಿ ತೆಗೆದುಹಾಕುವ ಪ್ಯಾಕ್ ಆದೇಶ ಕೊಡುವವರೆಗೂ ಫೈಲಿನಲ್ಲೇ ಇರುತ್ತದೆ. ಲೆಕ್ಕ ಸಾಗಿಸಲು ನಾವು ಬರೆದ ಮೊದಲ ಸ್ಕ್ರಿಪ್ಟ್ ಆ ಗುರುತನ್ನು ನೋಡಲೇ ಇಲ್ಲ. ತಪ್ಪಾಗಿ ಎರಡು ಸಲ ಬರೆದು, ಆಮೇಲೆ ಅಳಿಸಿದ್ದ ಮುಂಗಡದ ಚೀಟಿಗಳು ಹೊಸ ಡೇಟಾಬೇಸಿಗೆ ಬಂದುಬಿಟ್ಟವು. ಸಾಲುಗಳನ್ನು ಎಣಿಸಿದರೆ ಎರಡೂ ಕಡೆ ಸರಿಯಾಗಿಯೇ ಇತ್ತು! ಯಾಕೆಂದರೆ ಡಿಬಿಎಫ್ ಫೈಲಿನ ತಲೆಭಾಗ, ಅಂದರೆ ಹೆಡರ್ ಹೇಳುವ ಲೆಕ್ಕದಲ್ಲಿ ಅಳಿಸಿದವೂ ಸೇರಿರುತ್ತವೆ. ಒಬ್ಬೊಬ್ಬ ರೈತರ ಬಾಕಿಯನ್ನು ಹಳೆಯದು, ಹೊಸದು ಅಂತ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಗೊತ್ತಾಯಿತು. ಹಾಗೇ ಬಿಟ್ಟಿದ್ದರೆ ಪಡೆಯದ ಮುಂಗಡಕ್ಕೆ ರೈತರು ಉತ್ತರ ಕೊಡಬೇಕಾಗುತ್ತಿತ್ತು. ಅದಕ್ಕೇ ಹೇಳುತ್ತೇನೆ, ಒಟ್ಟು ಮೊತ್ತ ಕೂಡಿಬಂತು ಅಂತ ನಿಲ್ಲಿಸಬೇಡಿ. ಖಾತೆವಾರು, ವರ್ಷವಾರು ತಾಳೆ ಆಗಬೇಕು. ಪೈಸೆ ವ್ಯತ್ಯಾಸ ಬಂದರೂ ಕಾರಣ ಹುಡುಕಿ. ಹಣದ ಕಾಲಂ ಪೈಸೆವರೆಗೂ ನಿಖರವಾಗಿ ಇಟ್ಟುಕೊಳ್ಳುವ ನ್ಯೂಮರಿಕ್ ಬಗೆಯದಿರಲಿ, ಅಂದಾಜು ಸಂಖ್ಯೆ ಇಡುವ ಫ್ಲೋಟ್ ಬೇಡ.

ಇನ್ನು ನುಡಿ. ಹಳೆಯ ನುಡಿ ಫಾಂಟ್‌ನಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡ ಅಕ್ಷರವನ್ನಲ್ಲ, ಅಕ್ಷರದ ತುಣುಕುಗಳ ಸಂಕೇತವನ್ನು. ಸುಮ್ನೆ ತಂದು ಹಾಕಿದರೆ ಹೆಸರುಗಳು ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಅರ್ಕಾವೊತ್ತು ಇದ್ದಲ್ಲಿ ಎಡವುತ್ತವೆ. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಸೂರ್ಯನಾರಾಯಣ, ಪಾರ್ವತಮ್ಮ ಇಂಥ ಹೆಸರುಗಳನ್ನು ಆರಿಸಿ ಪರೀಕ್ಷಿಸಿ. ನಾವು ಹಳೆಯ ಸಂಕೇತದ ಹೆಸರನ್ನೂ ಬೇರೆ ಕಾಲಂನಲ್ಲಿ ಉಳಿಸಿಕೊಂಡೆವು. ಹೆಸರಿನ ಪಟ್ಟಿಯನ್ನು ಮುದ್ರಿಸಿ ಮಂಡಿಯ ಹಿರಿಯ ಗುಮಾಸ್ತರ ಕೈಗೆ ಕೊಟ್ಟೆವು. ಊರೂರಿನ ರೈತರನ್ನು ಬಲ್ಲ ಅವರ ಕಣ್ಣಿಗೆ ಬಿದ್ದ ತಪ್ಪುಗಳು ನಮ್ಮ ಯಾವ ಪರೀಕ್ಷೆಗೂ ಸಿಕ್ಕಿರಲಿಲ್ಲ. ನಿಮ್ಮಲ್ಲೂ ಅಂಥವರು ಇರುತ್ತಾರೆ ಅಲ್ವಾ, ಅವರನ್ನು ಕೂರಿಸಿಕೊಳ್ಳಿ.

ನಡುವೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ, 0047 ಅನ್ನುವ ಖಾತೆ ನಂಬರ್ 47 ಆಗಿಬಿಡುತ್ತದೆ. ಖಾಲಿ ಬಿಟ್ಟ ತಾರೀಖು ಖಾಲಿಯಾಗಿಯೇ ಬರಲಿ. ಹಳೆಯ ನಂಬರುಗಳ ಸಮೇತ ಬಿಲ್ ತುಂಬಿದ ಮೇಲೆ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸನ್ನು, ಅಂದರೆ ಮುಂದಿನ ನಂಬರ್ ಕೊಡುವ ಎಣಿಕೆಯನ್ನು, ಕೊನೆಯ ನಂಬರಿಗೆ ಸರಿಪಡಿಸಿ. ಇಲ್ಲದಿದ್ದರೆ ಅದು 1ರಿಂದ ಶುರು ಮಾಡಲು ಹೋಗಿ, ಆ ನಂಬರ್ ಆಗಲೇ ಇರುವುದರಿಂದ ಮೊದಲ ಹೊಸ ಬಿಲ್ಲೇ ಒಳಗೆ ಹೋಗುವುದಿಲ್ಲ.

ಎರಡು ಮೂರು ಸಲ ಪೂರ್ತಿ ಅಭ್ಯಾಸ ಮಾಡಿ, ಆಮೇಲೆ ರಜೆಯ ದಿನ ನೋಡಿ ನಿಜವಾದದ್ದನ್ನು ಮಾಡಿ. ಅವತ್ತು ಹಳೆಯದರಲ್ಲಿ ಯಾರೂ ಬಿಲ್ ಬರೆಯಬಾರದು. ಹಳೆಯ ಫೋಲ್ಡರನ್ನು ಮಾತ್ರ ಅಳಿಸಬೇಡಿ. ಜಿಎಸ್‌ಟಿ ಕಾನೂನಿನಲ್ಲಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಅಂತಿದೆ. ಎರಡು ಡಿಸ್ಕಿನಲ್ಲಿ ಹಾಕಿ, ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ.